ಜಾನ್ ಹಂಟರ್

ಹದಿನೆಂಟನೆಯ ಶತಮಾನದ ಲಂಡನ್ ನಗರದಲ್ಲಿ ಕುದುರೆಗಾಡಿಗಳಿಗೆ ಲೆಕ್ಕವೇ ಇರಲಿಲ್ಲ. ಶ್ರೀಮಂತರ ಸಾರೋಟುಗಳು, ಬಾಡಿಗೆಯ ಬಂಡಿಗಳು, ಸರಕು ಸಾಗಿಸುವ ಗಾಡಿಗಳು ಹಗಲಿರುಳೂ ಬೀದಿಗಳಲ್ಲಿ ಓಡಾಡುತ್ತಿದ್ದವು. ಈ ಬಂಡಿಗಳನ್ನು ನಡೆಸುವವರಲ್ಲಿ ಒಂದು ಭಯಂಕರವಾದ ರೋಗ ಆಗಾಗ ಕಾಣಿಸಿಕೊಳ್ಳುತ್ತಿತ್ತು. ಮೊಣಕಾಲಿನ ಹಿಂಬದಿಯಲ್ಲಿ ನಿಂಬೆಹಣ್ಣಿನಷ್ಟು ಗಾತ್ರದ ಗಂಟೊಂದು ಏಳುತ್ತಿತ್ತು. ಅದರ ಮೇಲೆ ಕೈಯಿಟ್ಟರೆ ನಾಡಿಯಂತೆ ಮಿಡಿಯುತ್ತಿತ್ತು. ದಿನಕಳೆದಂತೆ ಗಂಟು ದೊಡ್ಡದಾಗಿ, ಕಾಲು ಊದಿ, ನಡೆಯುವುದೇ ಅಸಾಧ್ಯವಾಗುತ್ತಿತ್ತು. ಕೊನೆಗೊಂದು ದಿನ ಗಂಟು ಒಡೆದರೆ ರೋಗಿಯ ರಕ್ತವೆಲ್ಲ ಹರಿದುಹೋಗಿ ಪ್ರಾಣವೇ ಹೋಗುತ್ತಿತ್ತು.

ಈ ಗಂಟು ಬೇರೇನೂ ಅಲ್ಲ. ಕಾಲಿಗೆ ಶುದ್ಧರಕ್ತವನ್ನು ಒಯ್ಯುವ ಅಪಧಮನಿಯ ಉಬ್ಬು. ಸೈಕಲ್ಲಿನ ಟೈರು ಒಂದೆಡೆ ಸವೆದಾಗ ಒಳಗಿನ ಟ್ಯೂಬು ಅಲ್ಲಿ ಹೊರಕ್ಕೆ ಉಬ್ಬಿಕೊಳ್ಳುವುದನ್ನು ನೀವು ನೋಡಿರಬಹುದು. ಹಾಗೆಯೇ ಅಪಧಮನಿಯ ಗೋಡೆ ರೋಗದಿಂದ ಸಡಿಲವಾದ ಕಡೆ ರಕ್ತದ ಒತ್ತಡಕ್ಕೆ ಉಬ್ಬಿಕೊಳ್ಳುತ್ತದೆ. ಬಂಡಿ ನಡೆಸುವವರು ತೊಡುತ್ತಿದ್ದ ಎತ್ತರದ ಬೂಟುಗಳ ಅಂಚು ಮೊಣಕಾಲಿನ ಹಿಂದೆ ಸದಾ ಒತ್ತುತ್ತಿದ್ದುದೂ ಇದಕ್ಕೆ ಕಾರಣವೆಂದು ಜನ ನಂಬಿದ್ದರು. ಅಂದಿನ ಶಸ್ತ್ರವೈದ್ಯರಿಗೆ ತಿಳಿದಿದ್ದ ಉಪಾಯಗಳು ಎರಡೇ. ಒಂದು, ಉಬ್ಬನ್ನು ಸೀಳಿ ಅಲ್ಲಿಯೇ ನಾಳವನ್ನು ಕಟ್ಟುವುದು. ಇದರಿಂದ ಬದುಕಿದವರು ಬಹಳ ವಿರಳ. ಇನ್ನೊಂದು, ತೊಡೆಯ ಬಳಿ ಕಾಲನ್ನೇ ಕತ್ತರಿಸಿಹಾಕುವುದು. ಪ್ರಜ್ಞೆ ತಪ್ಪಿಸುವ ಔಷಧಿ ಬಳಕೆಗೆ ಬರುವುದಕ್ಕೆ ಇನ್ನೂ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಕಳೆಯಬೇಕಾಗಿತ್ತು. ಕಾಲು ಕಳೆದುಕೊಂಡ ಬಂಡಿಯವನ ಸಂಸಾರ ಬೀದಿಪಾಲಾಗುತ್ತಿದ್ದುದು ಸಹಜವೇ.

ಇಂಥ ರೋಗಿಗಳಿಗೆ ಕಾಲನ್ನೂ ಪ್ರಾಣವನ್ನೂ ಉಳಿಸಿಕೊಟ್ಟವನು ಜಾನ್ ಹಂಟರ್. ಆ ಉಪಾಯಕ್ಕೆ ಬೇಕಾದ ಅರಿವು ಅವನಿಗೆ ದೊರೆತದ್ದು ಬಹುಮಟ್ಟಿಗೆ ಪ್ರಾಣಿಗಳಿಂದ.

ಹಂಟರ್ 1728ರ ಫೆಬ್ರವರಿ ತಿಂಗಳಲ್ಲಿ ಸ್ಕಾಟ್ಲೆಂಡಿನ ಲಾಂಗ್ ಕಾಲ್ಡರ್‌ವುಡ್ ಎಂಬಲ್ಲಿ ಒಂದು ರೈತ ಕುಟುಂಬದಲ್ಲಿ ಜನಿಸಿದನು. ಹತ್ತು ಮಕ್ಕಳಲ್ಲಿ ಅವನೇ ಕೊನೆಯವನು. ಶಾಲೆಯ ಪಾಠ ಅವನಿಗೆ ರುಚಿಸಲಿಲ್ಲ. ಆದರೆ ಮೋಡಗಳು ಹೇಗೆ ಉಂಟಾಗುತ್ತವೆ, ಶರತ್ಕಾಲದಲ್ಲಿ ಎಲೆಗಳು ಏಕೆ ಬಣ್ಣ ಬದಲಿಸುತ್ತವೆ, ಜೇನುನೊಣಗಳು ಏನು ಮಾಡುತ್ತವೆ ಎಂದು ಯಾರೂ ಕೇಳದ ಪ್ರಶ್ನೆಗಳನ್ನು ಕೇಳಿ ಹಿರಿಯರನ್ನು ಕಾಡುತ್ತಿದ್ದನು. ಹದಿಮೂರನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡನು. ಕೆಲಕಾಲ ಗ್ಲಾಸ್ಗೊ ನಗರದಲ್ಲಿ ಮರಗೆಲಸ ಮಾಡುತ್ತಿದ್ದ ಭಾವನ ಜೊತೆಯಲ್ಲಿದ್ದನು. ಆ ಕೆಲಸದಲ್ಲಿ ಪಳಗಿದ ಕೈ ಮುಂದೆ ವ್ಯರ್ಥವಾಗಲಿಲ್ಲ.

ಅವನ ಅಣ್ಣ ವಿಲಿಯಂ ಹಂಟರ್ ಲಂಡನ್ನಿನಲ್ಲಿ ಹೆಸರುವಾಸಿಯಾದ ವೈದ್ಯನಾಗಿದ್ದು, ಅಂಗರಚನಾಶಾಸ್ತ್ರವನ್ನು ಕಲಿಸುವ ಶಾಲೆಯೊಂದನ್ನು ನಡೆಸುತ್ತಿದ್ದನು. 1748ರಲ್ಲಿ ಇಪ್ಪತ್ತು ವರ್ಷದ ಜಾನ್ ಅಣ್ಣನ ಬಳಿಗೆ ಬಂದನು. ತಮ್ಮನ ಯೋಗ್ಯತೆಯನ್ನು ಪರೀಕ್ಷಿಸಲೆಂದು ವಿಲಿಯಂ ಮೊದಲು ಒಂದು ಶವದ ತೋಳನ್ನು ಕೊಟ್ಟು ಅದರ ಸ್ನಾಯುಗಳನ್ನು ಬಿಡಿಸಿ ತೋರಿಸಲು ಹೇಳಿದನು. ಆ ಕೆಲಸ ಮೆಚ್ಚುಗೆಯಾಗಲು, ಅಪಧಮನಿಗಳಲ್ಲಿ ಬಣ್ಣದ ಮೇಣವನ್ನು ತುಂಬಿದ ಇನ್ನೊಂದು ತೋಳನ್ನು ಕೊಟ್ಟನು. ಸ್ನಾಯುಗಳೂ ಕೆಡದಂತೆ, ಕೂದಲೆಳೆಯಂಥ ನಾಳಗಳೂ ತುಂಡಾಗದಂತೆ ಎಲ್ಲವನ್ನೂ ಬಿಡಿಸಿಡುವುದು ನುರಿತವರಿಗೂ ಕಷ್ಟ. ಪುಸ್ತಕದ ಮುಂದೆ ಸೋತಿದ್ದ ಹುಡುಗ ಇಲ್ಲಿ ಗೆದ್ದನು. ಅಪಧಮನಿಗಳೊಡನೆ ಅವನ ಸಂಬಂಧ ಹೀಗೆ ಆರಂಭವಾಗಿ ಅವನ ಮರಣದವರೆಗೂ ಮುಂದುವರಿಯಿತು.

ಶವಗಳನ್ನು ಪಡೆಯುವುದು ಅಂದು ಸುಲಭವಾಗಿರಲಿಲ್ಲ. ಸ್ಮಶಾನಗಳಿಂದ ಹೆಣಗಳನ್ನು ಕದ್ದು ತಂದು ಅಂಗರಚನೆಯ ಶಾಲೆಗಳಿಗೆ ಮಾರುವ ತಂಡಗಳಿದ್ದವು. ಅವರೊಡನೆ ವ್ಯವಹರಿಸುವ ಕೆಲಸವೂ ಜಾನನ ಪಾಲಿಗೆ ಬಂದಿತು. ಅವನ ಜೀವನದ ಈ ಭಾಗವನ್ನು ಮುಚ್ಚಿಡುವುದು ಸರಿಯಲ್ಲ. ಸತ್ತವರ ಬಂಧುಗಳ ದುಃಖವನ್ನು ಅವನು ಹೆಚ್ಚಾಗಿ ಎಣಿಸಿದಂತೆ ತೋರುವುದಿಲ್ಲ.

ಚೆಸೆಲ್ಡನ್, ಪಾಟ್ ಎಂಬ ಆ ಕಾಲದ ಪ್ರಸಿದ್ಧ ಶಸ್ತ್ರವೈದ್ಯರ ಕೈಕೆಳಗೆ ಹಂಟರ್ ಕಲಿತನು. ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯಕ್ಕೂ ಹೋಗಿ, ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳ ಗೊಡವೆ ತನಗೆ ಬೇಡವೆಂದು ಸ್ವಲ್ಪ ದಿನಗಳಲ್ಲಿಯೇ ಹಿಂದಿರುಗಿದನು. 1760ರಲ್ಲಿ ಸೈನ್ಯದ ಶಸ್ತ್ರವೈದ್ಯನಾಗಿ ಸೇರಿ, ಫ್ರಾನ್ಸಿನ ತೀರದ ಬೆಲ್ ದ್ವೀಪದಲ್ಲಿಯೂ ಪೋರ್ಚುಗಲ್ಲಿನಲ್ಲಿಯೂ ಸೇವೆ ಸಲ್ಲಿಸಿದನು. ಗುಂಡೇಟಿನ ಗಾಯವನ್ನು ಕೂಡಲೆ ಅಗಲವಾಗಿ ಸೀಳಬೇಕೆಂಬುದು ಅಂದಿನ ಪದ್ಧತಿ. ಚಿಕಿತ್ಸೆಯೇ ದೊರೆಯದೆ ಅಡಗಿಕೊಂಡಿದ್ದ ಕೆಲವು ಸೈನಿಕರ ಗಾಯಗಳು ತಾವಾಗಿಯೇ ಮಾಯ್ದುದನ್ನು ಹಂಟರ್ ಗಮನಿಸಿದನು. ದೇಹಕ್ಕೆ ತನ್ನನ್ನು ತಾನೇ ಸರಿಪಡಿಸಿಕೊಳ್ಳುವ ಶಕ್ತಿಯಿದೆ, ಶಸ್ತ್ರವೈದ್ಯನು ಅದಕ್ಕೆ ಅಡ್ಡಿಯಾಗಬಾರದು ಎಂಬ ವಿಚಾರ ಅವನಲ್ಲಿ ಬೇರೂರಿತು.

1763ರಲ್ಲಿ ಯುದ್ಧ ಮುಗಿದ ಮೇಲೆ ಲಂಡನ್ನಿಗೆ ಮರಳಿದವನು ಕೆಲವು ವರ್ಷಗಳಲ್ಲಿ ಊರ ಹೊರಗಿನ ಅರ್ಲ್ಸ್ ಕೋರ್ಟ್ ಎಂಬಲ್ಲಿ ನೆಲ ಕೊಂಡು ಮನೆ ಕಟ್ಟಿಸಿದನು. ಅದು ಮನೆ ಎನ್ನುವುದಕ್ಕಿಂತ ಒಂದು ಪ್ರಾಣಿಸಂಗ್ರಹಾಲಯವಾಗಿತ್ತು. ಕುದುರೆ, ಹಂದಿ, ಕುರಿ, ಕೋಳಿ, ನಾಯಿಗಳ ಜೊತೆಯಲ್ಲಿ ನರಿಗಳೂ ಚಿರತೆಗಳೂ ಉಷ್ಟ್ರಪಕ್ಷಿಯೂ ಅಲ್ಲಿ ವಾಸವಾಗಿದ್ದವು. ಒಮ್ಮೆ ಎರಡು ಚಿರತೆಗಳು ಸರಪಳಿ ಕಿತ್ತುಕೊಂಡು ನಾಯಿಗಳ ಮೇಲೆ ಬಿದ್ದಾಗ, ಹಂಟರ್ ಬರಿಗೈಯಲ್ಲಿ ಅವುಗಳನ್ನು ಹಿಡಿದು ಬೋನಿಗೆ ಸೇರಿಸಿದನು. ಕೆಲಸ ಮುಗಿದ ಮೇಲೆ ತಾನು ಮಾಡಿದ್ದೇನೆಂದು ಅರಿವಾಗಿ ಮೂರ್ಛೆ ಹೋಗುವಂತಾದನು. ಏಷ್ಯದ ಎಮ್ಮೆಗಳನ್ನು ಗಾಡಿಗೆ ಹೂಡಿ ಲಂಡನ್ನಿನ ಬೀದಿಗಳಲ್ಲಿ ಹೊಡೆದುಕೊಂಡು ಹೋಗುತ್ತಿದ್ದನೆಂದೂ ಹೇಳುತ್ತಾರೆ. ಆ ದೃಶ್ಯ ನಮಗೆ ವಿಶೇಷವಲ್ಲದಿದ್ದರೂ ಅಲ್ಲಿನ ಜನ ಬೆರಗಾಗಿದ್ದರೆ ಆಶ್ಚರ್ಯವಿಲ್ಲ.

ಈ ಪ್ರಾಣಿಗಳನ್ನು ಅವನು ಸಾಕಿದ್ದು ವಿನೋದಕ್ಕಲ್ಲ. ಬದುಕಿರುವ ದೇಹ ಹೇಗೆ ಬೆಳೆಯುತ್ತದೆ, ಹೇಗೆ ಕೆಡುತ್ತದೆ, ಕೆಟ್ಟದ್ದನ್ನು ಹೇಗೆ ಸರಿಪಡಿಸಿಕೊಳ್ಳುತ್ತದೆ ಎಂಬುದನ್ನು ಕಣ್ಣಾರೆ ಕಾಣಬೇಕೆಂಬುದೇ ಅವನ ಹಂಬಲ. ಹಂದಿಗಳಿಗೆ ಮಂಜಿಷ್ಠದ ಬೇರನ್ನು ತಿನ್ನಿಸಿ, ಕೆಂಪಾದ ಮೂಳೆಯ ಪದರಗಳಿಂದ ಮೂಳೆಯ ಬೆಳವಣಿಗೆಯನ್ನು ಅಳೆದನು. ಹುಂಜದ ಜುಟ್ಟಿನಲ್ಲಿ ಮನುಷ್ಯನ ಹಲ್ಲೊಂದನ್ನು ನಾಟಿದನು. ಜುಟ್ಟಿನ ಸೂಕ್ಷ್ಮ ರಕ್ತನಾಳಗಳು ಹಲ್ಲಿನೊಳಕ್ಕೂ ಬೆಳೆದುದನ್ನು ಕಂಡು ಹಿಗ್ಗಿದನು. ಈ ಪ್ರಯೋಗವನ್ನು ನಂಬಿ, ಬಡವರ ಹಲ್ಲುಗಳನ್ನು ಕಿತ್ತು ಹಣವಂತರ ಬಾಯಲ್ಲಿ ನಾಟುವ ಚಿಕಿತ್ಸೆಗೆ ಅವನು ಬೆಂಬಲ ಕೊಟ್ಟದ್ದು ಮಾತ್ರ ದೊಡ್ಡ ತಪ್ಪಾಯಿತು. ಹಲ್ಲುಗಳು ಬಹಳ ದಿನ ನಿಲ್ಲಲಿಲ್ಲ. ರೋಗಗಳು ಒಬ್ಬರಿಂದ ಒಬ್ಬರಿಗೆ ಹರಡಿದವು.

ಅಪಧಮನಿಗಳ ವಿಷಯದಲ್ಲಿ ಅವನ ಕೆಲಸ ಹೆಚ್ಚು ಗಟ್ಟಿಯಾದುದು. ರಕ್ತ ಸೋರಿ ಸತ್ತ ಕುದುರೆಯೊಂದರ ದೇಹದಿಂದ ಬೇರೆ ಬೇರೆ ಅಪಧಮನಿಗಳ ತುಂಡುಗಳನ್ನು ತೆಗೆದು, ಅವು ಎಷ್ಟು ಕುಗ್ಗಿವೆ, ಎಳೆದರೆ ಎಷ್ಟು ಹಿಗ್ಗುತ್ತವೆ, ಬಿಟ್ಟರೆ ಎಷ್ಟರ ಮಟ್ಟಿಗೆ ಹಿಂದಿರುಗುತ್ತವೆ ಎಂದು ಅಳೆದನು. ಹೃದಯಕ್ಕೆ ಹತ್ತಿರವಾದ ದೊಡ್ಡ ನಾಳಗಳಲ್ಲಿ ರಬ್ಬರಿನಂತೆ ಹಿಗ್ಗಿ ಕುಗ್ಗುವ ಗುಣ ಹೆಚ್ಚು. ದೂರದ ಚಿಕ್ಕ ನಾಳಗಳಲ್ಲಿ ಸ್ನಾಯುವಿನ ಶಕ್ತಿ ಹೆಚ್ಚು. ಅಪಧಮನಿಯೆಂದರೆ ನೀರು ಹರಿಯುವ ಕೊಳವೆಯಂಥ ಜಡವಸ್ತುವಲ್ಲ, ಅದು ಜೀವಂತವಾದ ಅಂಗ ಎಂಬುದು ಇದರಿಂದ ಅವನಿಗೆ ದೃಢವಾಯಿತು.

ಹಾಗಾದರೆ ಇಂಥ ಗೋಡೆ ಏಕೆ ಉಬ್ಬುತ್ತದೆ? ತೆಳ್ಳಗಾದುದರಿಂದಲೇ ಉಬ್ಬುತ್ತದೆಂದು ಹಲವರು ಭಾವಿಸಿದ್ದರು. ಹಂಟರ್ ಒಂದು ನಾಯಿಯ ಕುತ್ತಿಗೆಯ ಅಪಧಮನಿಯನ್ನು ಒಂದು ಅಂಗುಲದಷ್ಟು ಬಿಡಿಸಿ, ಅದರ ಪೊರೆಗಳನ್ನು ಒಂದೊಂದಾಗಿ ಸುಲಿದನು. ಒಳಗೆ ಹರಿಯುವ ರಕ್ತ ಹೊರಕ್ಕೆ ಕಾಣುವಷ್ಟು ಗೋಡೆ ತೆಳುವಾದ ಮೇಲೆ ನಾಯಿಯನ್ನು ಅದರ ಪಾಡಿಗೆ ಬಿಟ್ಟನು. ಮೂರು ವಾರಗಳ ತರುವಾಯ ಕೊಂದು ನೋಡಿದಾಗ, ಸುತ್ತಣ ಮಾಂಸವು ನಾಳಕ್ಕೆ ಅಂಟಿಕೊಂಡು ಆಸರೆಯಾಗಿತ್ತು, ನಾಳ ಉಬ್ಬಿರಲಿಲ್ಲ. ಹಾಗಾದರೆ ಬರಿಯ ತೆಳುವಾಗುವಿಕೆ ಕಾರಣವಲ್ಲ. ಗೋಡೆಯೇ ರೋಗದಿಂದ ಕೆಟ್ಟಿರಬೇಕು. ಹಾಗೆ ಕೆಟ್ಟಿರುವುದು ಉಬ್ಬಿರುವಷ್ಟು ಭಾಗ ಮಾತ್ರವಲ್ಲ, ಅದರ ಆಚೀಚೆಯ ಭಾಗವೂ ಹೌದು. ಉಬ್ಬಿನ ಪಕ್ಕದಲ್ಲಿಯೇ ದಾರ ಕಟ್ಟಿದವರು ಸೋಲುತ್ತಿದ್ದುದು ಏಕೆಂದು ಈಗ ಅರ್ಥವಾಯಿತು. ಕೊಳೆತ ಬಟ್ಟೆಗೆ ಹೊಲಿಗೆ ಹಾಕಿದಂತೆ, ರೋಗದ ಗೋಡೆ ದಾರವನ್ನು ತಡೆದುಕೊಳ್ಳದೆ ಹರಿದುಹೋಗುತ್ತಿತ್ತು.

ಆರೋಗ್ಯವಾಗಿರುವ ಭಾಗದಲ್ಲಿ, ಎಂದರೆ ಉಬ್ಬಿಗಿಂತ ಬಹಳ ಮೇಲೆ ತೊಡೆಯಲ್ಲಿ, ಕಟ್ಟಿದರೆ? ಹಾಗೆ ಕಟ್ಟಿದರೆ ಕೆಳಗಿನ ಕಾಲಿಗೆ ರಕ್ತ ಎಲ್ಲಿಂದ ಬರಬೇಕು? ಈ ಪ್ರಶ್ನೆಗೆ ಉತ್ತರ ಲಂಡನ್ನಿನ ಬಳಿಯ ರಿಚ್ಮಂಡ್ ಉದ್ಯಾನದ ಒಂದು ಗಂಡು ಜಿಂಕೆಯಿಂದ ದೊರೆಯಿತೆಂಬ ಕಥೆಯನ್ನು ಅವನ ಬಳಿಕ ಬಂದ ವಿದ್ವಾಂಸರು ಹೇಳಿದ್ದಾರೆ. ಜಿಂಕೆಯ ಕೊಂಬು ಬೆಳೆಯುತ್ತಿರುವಾಗ ಮೃದುವಾಗಿ, ರಕ್ತದಿಂದ ಬೆಚ್ಚಗಿರುತ್ತದೆ. ಒಂದು ಬದಿಯ ಕೊಂಬಿಗೆ ರಕ್ತ ಒಯ್ಯುವ ಅಪಧಮನಿಯನ್ನು ಹಂಟರ್ ಕಟ್ಟಿಸಿದನು. ಕೊಂಬು ತಣ್ಣಗಾಯಿತು. ಅದು ಉದುರಿಹೋಗುವುದೆಂದು ಎಣಿಸಿ ಕೆಲವು ದಿನಗಳ ಮೇಲೆ ಮುಟ್ಟಿ ನೋಡಿದರೆ ಮತ್ತೆ ಬೆಚ್ಚಗಾಗಿತ್ತು! ದಾರ ಬಿಚ್ಚಿಹೋಗಿರಲಿಲ್ಲ. ಕಟ್ಟಿದ ಜಾಗದ ಮೇಲೂ ಕೆಳಗೂ ಇದ್ದ ಚಿಕ್ಕ ಚಿಕ್ಕ ಕವಲುನಾಳಗಳು ಹಿಗ್ಗಿ, ಮುಖ್ಯನಾಳದ ಕೆಲಸವನ್ನು ತಾವು ವಹಿಸಿಕೊಂಡಿದ್ದವು. ದೊಡ್ಡ ಕಾಲುವೆ ಒಡೆದಾಗ ರೈತನು ಅಕ್ಕಪಕ್ಕದ ಸಣ್ಣ ಕಾಲುವೆಗಳಿಂದ ಗದ್ದೆಗೆ ನೀರು ಹಾಯಿಸುವಂತೆ ದೇಹವೂ ಮಾಡುತ್ತದೆ.

1785ರ ಡಿಸೆಂಬರ್ ತಿಂಗಳಲ್ಲಿ, ತಾನು ಶಸ್ತ್ರವೈದ್ಯನಾಗಿದ್ದ ಸೇಂಟ್ ಜಾರ್ಜ್ ಆಸ್ಪತ್ರೆಯಲ್ಲಿ ಹಂಟರ್ ಈ ಅರಿವನ್ನು ಮನುಷ್ಯನ ಮೇಲೆ ಪ್ರಯೋಗಿಸಿದನು. ರೋಗಿ ನಲವತ್ತೈದು ವರ್ಷದ ಒಬ್ಬ ಬಂಡಿಯವನು. ಮೂರು ವರ್ಷಗಳಿಂದ ಬೆಳೆದ ಉಬ್ಬು ಅವನ ಮೊಣಕಾಲಿನ ಹಿಂಬದಿಯನ್ನೆಲ್ಲ ತುಂಬಿಕೊಂಡಿತ್ತು. ಹಂಟರ್ ಉಬ್ಬನ್ನು ಮುಟ್ಟಲೇ ಇಲ್ಲ. ತೊಡೆಯ ಒಳಬದಿಯನ್ನು ಸೀಳಿ, ಅಲ್ಲಿ ಹಾದುಹೋಗುವ ದೊಡ್ಡ ಅಪಧಮನಿಯನ್ನು ಹುಡುಕಿ, ನಾಲ್ಕು ಕಡೆ ದಾರದಿಂದ ಕಟ್ಟಿದನು. ಸುತ್ತಲೂ ನಿಂತಿದ್ದವರಲ್ಲಿ ಕಾಲು ಕೊಳೆಯುವುದೆಂದು ಹೆದರಿದವರು ಇದ್ದಿರಲೇಬೇಕು. ಆದರೆ ಕಾಲು ತಣ್ಣಗಾಗಲಿಲ್ಲ. ಉಬ್ಬಿನ ಮಿಡಿತ ನಿಂತು ಅದು ಕುಗ್ಗತೊಡಗಿತು. ಗಾಯ ಮಾಯಲು ತಡವಾಯಿತಾದರೂ, ಆರು ವಾರಗಳ ಮೇಲೆ ಬಂಡಿಯವನು ತನ್ನ ಎರಡು ಕಾಲುಗಳ ಮೇಲೆ ನಡೆದು ಮನೆಗೆ ಹೋದನು. ಹದಿನೈದು ತಿಂಗಳ ನಂತರ ಬೇರೊಂದು ಜ್ವರದಿಂದ ಅವನು ಸತ್ತಾಗ, ಹಂಟರ್ ಆ ಕಾಲನ್ನು ಪಡೆದು ಪರೀಕ್ಷಿಸಿದನು. ಉಬ್ಬು ಒಂದು ಗಟ್ಟಿಯಾದ ಸಣ್ಣ ಗಂಟಾಗಿ ಉಳಿದಿತ್ತು. ತೊಡೆಯಲ್ಲಿ ಹಂಟರ್ ನಾಳವನ್ನು ಕಟ್ಟಿದ ಆ ಜಾಗಕ್ಕೆ ಇಂದಿಗೂ ಅವನ ಹೆಸರೇ ಇದೆ.

ಪ್ರಾಣಿಗಳಿಂದ ಇಷ್ಟು ಪಡೆದವನು ಅವುಗಳಿಗೆ ಏನನ್ನಾದರೂ ಹಿಂದಿರುಗಿಸಿದನೆ? ಇಂಗ್ಲೆಂಡಿನಲ್ಲಿ ಆಗ ಕುದುರೆಗೆ ರೋಗ ಬಂದರೆ ಲಾಳ ಕಟ್ಟುವವನೇ ವೈದ್ಯ. ಆದರೆ ಫ್ರಾನ್ಸಿನ ಲಿಯಾನ್ ನಗರದಲ್ಲಿ 1760ರ ದಶಕದಿಂದ ಪಶುವೈದ್ಯ ಶಾಲೆಯೊಂದು ನಡೆಯುತ್ತಿತ್ತು. 1791ರಲ್ಲಿ ಲಂಡನ್ನಿನಲ್ಲಿ ಪಶುವೈದ್ಯ ಕಾಲೇಜನ್ನು ಸ್ಥಾಪಿಸಲು ಮುಂದಾದವರಿಗೆ ಹಂಟರ್ ಬೆಂಬಲವಾಗಿ ನಿಂತು, ಅದರ ಆಡಳಿತದಲ್ಲಿ ಭಾಗವಹಿಸಿದನು. ಶಸ್ತ್ರವೈದ್ಯಕೀಯ ಕಲಿಯುತ್ತಿದ್ದ ವಿಲಿಯಂ ಮೂರ್‌ಕ್ರಾಫ್ಟ್ ಎಂಬ ತರುಣ ಪಶುವೈದ್ಯನಾಗಲೇ ಬೇಡವೇ ಎಂದು ಹಿಂಜರಿಯುತ್ತಿದ್ದಾಗ, ತನಗೆ ವಯಸ್ಸಾಗಿರದಿದ್ದರೆ ನಾಳೆಯೇ ತಾನೂ ಆ ವಿದ್ಯೆಯನ್ನು ಕಲಿಯಲು ತೊಡಗುತ್ತಿದ್ದೆನೆಂದು ಹೇಳಿ ಹಂಟರ್ ಅವನನ್ನು ಹುರಿದುಂಬಿಸಿದನು. ಆ ತರುಣ ಲಿಯಾನಿನಲ್ಲಿ ಕಲಿತು, 1808ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕುದುರೆ ತಳಿ ಕೇಂದ್ರದ ಮೇಲ್ವಿಚಾರಕನಾಗಿ ಬಿಹಾರದ ಪೂಸಾ ಎಂಬಲ್ಲಿಗೆ ಬಂದನು.

ಸಾಕುಪ್ರಾಣಿಗಳ ಅಪಧಮನಿಗಳೂ ಮನುಷ್ಯನವುಗಳಂತೆ ಕೆಡುತ್ತವೆ. ಆದರೆ ಕೆಡುವ ರೀತಿ ಒಂದೇ ಅಲ್ಲವೆಂದು ಇಂದು ತಿಳಿದುಬಂದಿದೆ. ಕುದುರೆಯ ಕರುಳಿಗೆ ರಕ್ತ ಒಯ್ಯುವ ನಾಳದಲ್ಲಿ ಒಂದು ಬಗೆಯ ಹುಳುವಿನ ಮರಿಗಳು ಸೇರಿಕೊಂಡು ಗೋಡೆಯನ್ನು ಕೆಡಿಸುತ್ತವೆ. ಗೋಡೆ ದಪ್ಪವಾಗಿ ಕೆಲವೊಮ್ಮೆ ಉಬ್ಬುತ್ತದೆ, ಹೆಪ್ಪುಗಟ್ಟಿದ ರಕ್ತ ನಾಳವನ್ನು ಅಡಗಟ್ಟಿ ಕುದುರೆ ಹೊಟ್ಟೆನೋವಿನಿಂದ ಹೊರಳಾಡುತ್ತದೆ. ಭಾರತದಂಥ ಬಿಸಿಲುನಾಡುಗಳ ನಾಯಿಗಳಲ್ಲಿ ಬೇರೊಂದು ಹುಳು ಎದೆಯ ಮಹಾಧಮನಿಯಲ್ಲಿ ಇಂಥದೇ ಉಬ್ಬನ್ನು ಉಂಟುಮಾಡುತ್ತದೆ. ದಕ್ಷಿಣ ಅಮೆರಿಕದ ಅರ್ಜೆಂಟೀನಾದಲ್ಲಿ ಬದನೆಯ ಜಾತಿಗೆ ಸೇರಿದ ಒಂದು ಗಿಡದ ಎಲೆಗಳನ್ನು ಮೇಯ್ದ ದನಗಳ ಮಹಾಧಮನಿಯಲ್ಲಿ ಸುಣ್ಣದ ಅಂಶ ಸೇರಿ ಗೋಡೆ ಗಡುಸಾಗುತ್ತದೆ. ದನಗಳು ಸೊರಗಿ ಸಾಯುತ್ತವೆ. ವಯಸ್ಸಾದ ಹಂದಿಗಳ ನಾಳಗಳಲ್ಲಿ ಮನುಷ್ಯರಲ್ಲಿಯಂತೆ ಕೊಬ್ಬು ಕೂಡಿಕೊಳ್ಳುವುದುಂಟು. ನಾಯಿ, ಬೆಕ್ಕುಗಳಲ್ಲಿ ಅದು ಅಪರೂಪ. 1913ರಲ್ಲಿ ರಷ್ಯದ ಅನಿಚ್ಕೋವ್ ಎಂಬ ವಿಜ್ಞಾನಿ ಮತ್ತು ಅವನ ಸಂಗಡಿಗರು ಮೊಲಗಳಿಗೆ ಕೊಲೆಸ್ಟರಾಲ್ ಎಂಬ ಕೊಬ್ಬಿನ ಪದಾರ್ಥವನ್ನು ತಿನ್ನಿಸಿ ಅವುಗಳ ಅಪಧಮನಿಗಳನ್ನು ಕೆಡಿಸಿ ತೋರಿಸಿದ ಮೇಲೆ, ಮನುಷ್ಯರ ಹೃದ್ರೋಗದ ಒಂದು ಮುಖ್ಯ ಕಾರಣ ಬಯಲಿಗೆ ಬಂದಿತು.

ಹಂಟರನ ಕಾಲದಲ್ಲಿ ಇದಾವುದೂ ತಿಳಿದಿರಲಿಲ್ಲ. ತಿಳಿದಿದ್ದರೆ ಅವನು ತನ್ನ ವಿಷಯವಾಗಿಯೇ ಚಿಂತಿಸಬೇಕಾಗುತ್ತಿತ್ತು. 1773ರಲ್ಲಿ ಅವನಿಗೆ ಒಮ್ಮೆಲೆ ತೀವ್ರವಾದ ನೋವು ಬಂದಿತು. ಕನ್ನಡಿಯಲ್ಲಿ ನೋಡಿಕೊಂಡರೆ ಮುಖ ಹೆಣದಂತೆ ಬಿಳಿಚಿತ್ತು. ಕೈಹಿಡಿದು ನೋಡಿದರೆ ನಾಡಿಯೇ ಸಿಗಲಿಲ್ಲ. ಆ ಸ್ಥಿತಿಯಲ್ಲಿಯೂ ಅವನು ತನ್ನನ್ನು ಒಂದು ಪ್ರಾಣಿಯಂತೆ ಪರೀಕ್ಷಿಸಿಕೊಂಡು, ಕಂಡುದನ್ನೆಲ್ಲ ನೆನಪಿನಲ್ಲಿಟ್ಟುಕೊಂಡನು. ಹೃದಯಶೂಲೆ ಮುಂದೆ ಆಗಾಗ ಮರುಕಳಿಸಿತು. ಸಿಟ್ಟು ಬಂದಾಗಲೆಲ್ಲ ಹೆಚ್ಚಾಯಿತು. ಸಿಟ್ಟು ಅವನಿಗೆ ಬೇಗ ಬರುತ್ತಿತ್ತು. ತನ್ನನ್ನು ಕೆಣಕಲು ಹೊರಟ ಯಾವ ದುಷ್ಟನಿಗೂ ತನ್ನ ಪ್ರಾಣ ಸುಲಭವಾಗಿ ಸಿಗುವಂತಿದೆಯೆಂದು ಗೆಳೆಯರೊಡನೆ ಹೇಳಿಕೊಳ್ಳುತ್ತಿದ್ದನು.

ಆ ರೋಗದ ಗುಟ್ಟನ್ನು ಊಹಿಸಿದವನು ಅವನ ಪ್ರಿಯ ಶಿಷ್ಯ ಎಡ್ವರ್ಡ್ ಜೆನ್ನರ್. ಸಿಡುಬಿಗೆ ಲಸಿಕೆಯನ್ನು ತಂದ ಮಹನೀಯ ಇವನೇ. ಏನನ್ನೂ ಬರಿದೆ ಯೋಚಿಸುತ್ತ ಕೂರದೆ ಪ್ರಯೋಗ ಮಾಡಿ ನೋಡಬೇಕೆಂಬ ಪಾಠವನ್ನು ಜೆನ್ನರ್ ಕಲಿತದ್ದು ಹಂಟರನಿಂದ. ಹೃದಯಶೂಲೆಯಿಂದ ಸತ್ತ ಒಬ್ಬನ ಹೃದಯವನ್ನು ಜೆನ್ನರ್ ಕತ್ತರಿಸುತ್ತಿದ್ದಾಗ ಚಾಕು ಏನೋ ಗಡುಸಾದುದಕ್ಕೆ ತಾಗಿತು. ಹಳೆಯ ಮನೆಯ ಚಾವಣಿಯಿಂದ ಗಾರೆ ಉದುರಿರಬೇಕೆಂದು ತಲೆಯೆತ್ತಿ ನೋಡಿದನಂತೆ. ಗಾರೆಯಲ್ಲ, ಹೃದಯಕ್ಕೇ ರಕ್ತ ಒಯ್ಯುವ ಅಪಧಮನಿಗಳು ಮೂಳೆಯಂತೆ ಗಟ್ಟಿಯಾಗಿದ್ದವು. ಗುರುವಿಗೂ ಇದೇ ರೋಗವೆಂದು ಜೆನ್ನರನಿಗೆ ಹೊಳೆಯಿತು. ಚಿಕಿತ್ಸೆಯಿಲ್ಲದ ರೋಗವನ್ನು ತಿಳಿಸಿ ಗುರುವನ್ನು ಕಂಗೆಡಿಸುವುದು ಬೇಡವೆಂದು ಅವನು ಆ ವಿಷಯವನ್ನು ಪ್ರಕಟಿಸದೆ ಸುಮ್ಮನಾದನು. ವಿಜ್ಞಾನದ ದೃಷ್ಟಿಯಿಂದ ಇದು ಸರಿಯೆ ಎಂದು ಕೇಳಬಹುದು. ಆ ಶಿಷ್ಯನ ಸ್ಥಾನದಲ್ಲಿ ನಿಂತು ನೋಡಿದರೆ ತಪ್ಪೆನ್ನಲು ಮನಸ್ಸು ಬಾರದು.

1793ರ ಅಕ್ಟೋಬರ್ 16ರಂದು ಸೇಂಟ್ ಜಾರ್ಜ್ ಆಸ್ಪತ್ರೆಯಲ್ಲಿ ಆಡಳಿತ ಮಂಡಲಿಯ ಸಭೆ ಸೇರಿತ್ತು. ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ವಿಷಯದಲ್ಲಿ ಹಂಟರ್ ಮಾತನಾಡುತ್ತಿದ್ದಾಗ ಸಹೋದ್ಯೋಗಿಯೊಬ್ಬನು ಅವನ ಮಾತನ್ನು ಅಲ್ಲಗಳೆದನು. ಹಂಟರ್ ಸಿಟ್ಟನ್ನು ನುಂಗಿಕೊಂಡು ಪಕ್ಕದ ಕೊಠಡಿಗೆ ಹೋದನು. ಅಲ್ಲಿ ಒಮ್ಮೆ ನರಳಿ, ವೈದ್ಯನೊಬ್ಬನ ತೋಳಿನಲ್ಲಿ ಕುಸಿದು ಪ್ರಾಣಬಿಟ್ಟನು. ಅವನ ಹೆಂಡತಿಯ ತಮ್ಮನೂ ಶಿಷ್ಯನೂ ಆದ ಎವರಾರ್ಡ್ ಹೋಮ್ ಶವವನ್ನು ಪರೀಕ್ಷಿಸಿದನು. ಹೃದಯದ ಅಪಧಮನಿಗಳು ಜೆನ್ನರ್ ಊಹಿಸಿದ್ದಂತೆಯೇ ಮೂಳೆಗಟ್ಟಿದ್ದವು.

ಹಂಟರ್ ಹೆಚ್ಚು ಸಂಪಾದಿಸಿದ್ದನು. ಉಳಿಸಿದ್ದು ಸಾಲವನ್ನು ಮಾತ್ರ. ಹಣವೆಲ್ಲ ಅವನು ಸಂಗ್ರಹಿಸಿದ ಸುಮಾರು 14,000 ಪ್ರಾಣಿ ಮತ್ತು ಮಾನವ ಅಂಗಗಳ ಮಾದರಿಗಳಿಗೆ ವ್ಯಯವಾಗಿತ್ತು. ವಿಲಿಯಂ ಕ್ಲಿಫ್ಟ್ ಎಂಬ ತರುಣ ಸಹಾಯಕ ಅತ್ಯಲ್ಪ ವೇತನ ಪಡೆದು ವರ್ಷಗಟ್ಟಲೆ ಆ ಸಂಗ್ರಹವನ್ನು ಕಾದನು. 1799ರಲ್ಲಿ ಸರ್ಕಾರ ಅದನ್ನು 15,000 ಪೌಂಡುಗಳಿಗೆ ಕೊಂಡು ಶಸ್ತ್ರವೈದ್ಯರ ಸಂಸ್ಥೆಗೆ ಒಪ್ಪಿಸಿತು. ಹಂಟರನ ಹಸ್ತಪ್ರತಿಗಳಿಗೆ ಆ ಭಾಗ್ಯವಿರಲಿಲ್ಲ. ಅವುಗಳಲ್ಲಿ ಬಹುಪಾಲನ್ನು ಹೋಮ್ 1823ರಲ್ಲಿ ಸುಟ್ಟುಹಾಕಿದನು. 1941ರಲ್ಲಿ ಜರ್ಮನರ ಬಾಂಬಿಗೆ ಸಂಗ್ರಹದ ಹೆಚ್ಚಿನ ಭಾಗ ನಾಶವಾಯಿತು. ಉಳಿದುದು ಲಂಡನ್ನಿನ ಹಂಟರ್ ವಸ್ತುಸಂಗ್ರಹಾಲಯದಲ್ಲಿದೆ. ಚಾರ್ಲ್ಸ್ ಬರ್ನ್ ಎಂಬ ಐರಿಷ್ ಭೀಮಕಾಯನ ದೇಹವನ್ನು, ಅವನು ಬೇಡವೆಂದು ಹೇಳಿ ಸತ್ತಿದ್ದರೂ, ಹಂಟರ್ 1783ರಲ್ಲಿ ಗುಟ್ಟಾಗಿ ಕೊಂಡಿದ್ದನು. ಆ ಅಸ್ಥಿಪಂಜರವನ್ನು 2023ರಲ್ಲಿ ಸಂಗ್ರಹಾಲಯ ಮತ್ತೆ ತೆರೆದಾಗ ಪ್ರದರ್ಶನದಿಂದ ತೆಗೆದರು. ಹಲ್ಲು ನಾಟಿದ ಹುಂಜದ ತಲೆ ಅಲ್ಲಿದೆ. ಅದೇ ಶಸ್ತ್ರಚಿಕಿತ್ಸೆಯನ್ನು ಮಾಡಿಸಿಕೊಂಡ ನಾಲ್ಕನೆಯ ರೋಗಿ ಮುಂದೆ ಐವತ್ತು ವರ್ಷ ಬದುಕಿದನು. ಅವನು ಸತ್ತ ಮೇಲೆ ಅವನ ಕಾಲಿನ ಆ ಅಪಧಮನಿಯೂ ಹಂಟರನ ಸಂಗ್ರಹವನ್ನು ಸೇರಿತು.